ಗೊತ್ತಿಲ್ಲ ಎಂಬ ಒಂದು ಮಾತು

ನಾನು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಅರಸೀಕೆರೆಯ ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೀಮೋ ಶುರುವಾಗುವ ಮುಂಚೆ, ಒಂದು ಮಧ್ಯಾಹ್ನ, ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಟ್ರಯಲ್ ಒಂದರ ವಿಷಯ ಹೇಳಿದರು. ಔಷಧ ಹಳೆಯದೇ. ಅದನ್ನು ಮೂರು ವಾರಕ್ಕೊಮ್ಮೆ ಕೊಡುವುದು ರೂಢಿ. ಸಣ್ಣ ಪ್ರಮಾಣದಲ್ಲಿ ವಾರವಾರ ಕೊಟ್ಟರೆ ಹೇಗಿರುತ್ತದೆ ಎಂದು ಹೋಲಿಸಿ ನೋಡುತ್ತಾರೆ. ಯಾರಿಗೆ ಯಾವ ಕ್ರಮ ಎನ್ನುವುದು ಕಂಪ್ಯೂಟರ್ ತೀರ್ಮಾನ. ಡಾಕ್ಟರು ಉತ್ತರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ದೊಡ್ಡಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಡುವೆ ನಾನು.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, ‘ಎರಡ್ರಲ್ಲಿ ಯಾವ್ದು ಒಳ್ಳೇದಂತೆ ಕೇಳು ಮಗಾ’ ಅಂದರು. ಕೇಳಿದೆ. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಮಗೆ ಗೊತ್ತಿಲ್ಲ, ಗೊತ್ತಿಲ್ಲದ ಕಾರಣಕ್ಕೇ ಈ ಟ್ರಯಲ್ ಮಾಡುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ದೊಡ್ಡಮ್ಮನ ಕಡೆ ತಿರುಗಿದೆ. ‘ಎರಡೂ ಒಳ್ಳೇದೇ ಅಂತೆ ದೊಡ್ಡಮ್ಮ’ ಅಂದೆ.

ದೊಡ್ಡಮ್ಮ ಸಹಿ ಹಾಕಿದರು.

ಈಗ ನಾನು ವೈದ್ಯಕೀಯ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ವಿಷಯ ಒಪ್ಪಿಗೆ ಪತ್ರಗಳು, ಅಂದರೆ ಆಸ್ಪತ್ರೆಯಲ್ಲಿ ನಾವು ಓದದೆ ಸಹಿ ಹಾಕುವ ಹಾಳೆಗಳು. ‘ಇಂಥದ್ದರ ಮೇಲೂ ಸಂಶೋಧನೆ ಮಾಡ್ತಾರಾ?’ ಎಂದು ಕೇಳುವವರಿಗೆ ಕೊಡಲು ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ. ನಿಜವಾದ ಉತ್ತರ ಮೇಲಿನ ಎರಡು ಪ್ಯಾರಾಗಳಲ್ಲಿದೆ. ಮೂರು ವರ್ಷ ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ತಿರುವಿ ಹಾಕಿದ ಮೇಲೆ, ಆ ಮಧ್ಯಾಹ್ನ ನಾನು ನುಂಗಿದ ಮಾತನ್ನು ನನಗಿಂತ ಮುಂಚೆ ಎಷ್ಟೋ ದೊಡ್ಡ ದೊಡ್ಡ ಡಾಕ್ಟರುಗಳು ನುಂಗಿದ್ದರು ಎಂದು ತಿಳಿಯಿತು. ಸಮಾಧಾನವಾಯಿತು ಎನ್ನಲಾರೆ.

ಮೊದಲು ಕ್ಯಾನ್ಸರ್ ಎಂಬ ಪದದ ವಿಚಾರ. ಶಿಕಾಗೋದ ಮೈಕೆಲ್ ರೀಸ್ ಆಸ್ಪತ್ರೆಯ ಮನೋವೈದ್ಯ ಡೊನಾಲ್ಡ್ ಓಕನ್, ರೋಗಿಗೆ ಕ್ಯಾನ್ಸರ್ ಎಂದು ಹೇಳುತ್ತೀರಾ ಎಂದು 219 ವೈದ್ಯರನ್ನು ಕೇಳಿ, ಫಲಿತಾಂಶವನ್ನು 1961ರಲ್ಲಿ ಪ್ರಕಟಿಸಿದರು. ಶೇಕಡಾ 90ರಷ್ಟು ಮಂದಿ, ಹೇಳದಿರುವುದೇ ನಮ್ಮ ಪದ್ಧತಿ ಅಂದಿದ್ದರು. ಗೆಡ್ಡೆ, ಹುಣ್ಣು, ಬೆಳವಣಿಗೆ ಎಂಬಂಥ ಮಾತುಗಳಲ್ಲೇ ಕೆಲಸ ಸಾಗುತ್ತಿತ್ತು. ನಮ್ಮ ಮನೆಗಳಲ್ಲಿ ಇವತ್ತಿಗೂ ಹಾಗೇ ತಾನೆ? ಅಜ್ಜನಿಗೆ ‘ಹೊಟ್ಟೇಲಿ ಗಂಟು’ ಅನ್ನುತ್ತೇವೆ, ಊರಿಗೆಲ್ಲ ಕ್ಯಾನ್ಸರ್ ಎಂದು ಗೊತ್ತಿರುತ್ತದೆ. ಅಮೆರಿಕದಲ್ಲಿ ಇದು ಬದಲಾಗಲು ಹದಿನೆಂಟೇ ವರ್ಷ ಸಾಕಾಯಿತು. 1979ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಕೇಳಿದಾಗ ಶೇಕಡಾ 97 ಮಂದಿ, ಹೇಳುತ್ತೇವೆ ಅಂದರು. ಈ ಬದಲಾವಣೆಗೆ ಹಲವು ಕಾರಣಗಳಿವೆ. ಟ್ರಯಲ್ಲುಗಳೂ ಅದರಲ್ಲಿ ಒಂದು ಎಂದು ನನ್ನ ಅನಿಸಿಕೆ: ರೋಗದ ಹೆಸರನ್ನೇ ಹೇಳದೆ, ನಿನ್ನ ರೋಗಕ್ಕೆ ಹೊಸ ಔಷಧ ಪರೀಕ್ಷಿಸಬಹುದೇ ಎಂದು ಕೇಳುವುದು ಹೇಗೆ?

ಕೇಳದೇ ಮಾಡಿದವರೂ ಇದ್ದರು. 1963ರ ಜುಲೈಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಜ್ಯೂಯಿಷ್ ಕ್ರಾನಿಕ್ ಡಿಸೀಸ್ ಹಾಸ್ಪಿಟಲ್‌ನಲ್ಲಿ 22 ರೋಗಿಗಳ ಚರ್ಮದಡಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಇದನ್ನು ಮಾಡಿಸಿದವರು ಸ್ಲೋನ್-ಕೆಟರಿಂಗ್ ಸಂಸ್ಥೆಯ ಹೆಸರಾಂತ ಸಂಶೋಧಕ ಚೆಸ್ಟರ್ ಸೌದಮ್. ಆ ರೋಗಿಗಳಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳಲ್ಲ. ಬೇರೆ ದೀರ್ಘಕಾಲದ ಕಾಯಿಲೆಗಳಿಂದ ನರಳುತ್ತಿದ್ದ ವಯಸ್ಸಾದ ಜನ. ಇಂಥ ಬಲಹೀನ ದೇಹ ಪರಕೀಯ ಕೋಶಗಳನ್ನು ಎಷ್ಟು ಬೇಗ ಹೊರದೂಡುತ್ತದೆ ಎಂದು ಸೌದಮ್ ನೋಡಬೇಕಿತ್ತು. ರೋಗಿಗಳಿಗೆ ಹೇಳಿದ್ದು: ನಿಮ್ಮ ರೋಗನಿರೋಧಕ ಶಕ್ತಿಯ ಪರೀಕ್ಷೆ, ಚುಚ್ಚಿದ ಜಾಗದಲ್ಲಿ ಒಂದು ಗಂಟು ಏಳುತ್ತದೆ, ಆಮೇಲೆ ಕರಗುತ್ತದೆ. ಕ್ಯಾನ್ಸರ್ ಎಂಬ ಪದ ಮಾತ್ರ ಇಲ್ಲ. ಆ ಪದ ಸುಮ್ಮನೆ ಹೆದರಿಸುತ್ತದೆ, ಅಪಾಯವೇ ಇಲ್ಲದ ಮೇಲೆ ಯಾಕೆ ಹೆದರಿಸಬೇಕು ಎಂಬುದು ಸೌದಮ್ ಅವರ ವಾದ.

ಆ ಆಸ್ಪತ್ರೆಯ ಮೂವರು ಕಿರಿಯ ವೈದ್ಯರು, ಕೇಗನ್, ಲೈಕ್ಟರ್ ಮತ್ತು ಫರ್ಸ್ಕೋ, ಚುಚ್ಚುವುದಿಲ್ಲ ಎಂದರು. ಹೇಳದೆ ಮಾಡುವುದು ತಪ್ಪು ಎಂಬುದು ಅವರ ನಿಲುವು. ಕೆಲಸ ಬೇರೆಯವರಿಂದ ಆಯಿತು. ಮೂವರೂ ರಾಜೀನಾಮೆ ಕೊಟ್ಟರು. ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದ ವಿಲಿಯಂ ಹೈಮನ್ ಎಂಬ ವಕೀಲರು ದಾಖಲೆಗಳನ್ನು ತೋರಿಸಿ ಎಂದು ಕೋರ್ಟಿಗೆ ಹೋದದ್ದರಿಂದ ವಿಷಯ ಹೊರಬಿತ್ತು. ಪತ್ರಕರ್ತರು ಸೌದಮ್ ಅವರನ್ನು ಸಹಜವಾದ ಪ್ರಶ್ನೆಯನ್ನೇ ಕೇಳಿದರು: ಅಷ್ಟು ಅಪಾಯವಿಲ್ಲದ್ದಾದರೆ ನೀವೇ ಯಾಕೆ ಚುಚ್ಚಿಕೊಳ್ಳಲಿಲ್ಲ? ನುರಿತ ಕ್ಯಾನ್ಸರ್ ಸಂಶೋಧಕರು ಇರುವುದೇ ಕೆಲವರು, ಸಣ್ಣ ಅಪಾಯವನ್ನಾದರೂ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಎಂಬರ್ಥದ ಉತ್ತರ ಬಂತು. 1965ರಲ್ಲಿ ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳು ಅವರ ವೈದ್ಯಕೀಯ ಪರವಾನಗಿಯನ್ನು ಒಂದು ವರ್ಷ ಅಮಾನತು ಮಾಡಿ, ಆ ಶಿಕ್ಷೆಯನ್ನು ಜಾರಿ ಮಾಡದೆ ನಿಗಾದಲ್ಲಿ ಇಟ್ಟರು. 1968ರಲ್ಲಿ ಅವರು ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘದ ಅಧ್ಯಕ್ಷರಾದರು.

ಈ ಕತೆ ವೈದ್ಯಕೀಯ ನೀತಿಶಾಸ್ತ್ರದ ಎಲ್ಲ ಪಠ್ಯಗಳಲ್ಲೂ ಬರುತ್ತದೆ. ಓದಿದಾಗ ಕೋಪ ಬರುತ್ತದೆ, ಓದಿ ಮುಗಿಸಿದ ಮೇಲೆ ನಾವು ಅಂಥವರಲ್ಲ ಎಂಬ ನೆಮ್ಮದಿಯೂ ಬರುತ್ತದೆ. ನನಗೆ ಹೆಚ್ಚು ಕಾಡಿದ್ದು ಹತ್ತು-ಹದಿನೈದು ವರ್ಷ ಆಮೇಲಿನ ಇನ್ನೊಂದು ಕತೆ. ಅದರಲ್ಲಿ ಖಳರಿಲ್ಲ. ಎಲ್ಲರೂ ಒಳ್ಳೆಯ ಡಾಕ್ಟರುಗಳೇ.

ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಸ್ತನ ಕ್ಯಾನ್ಸರಿಗೆ ಒಂದು ಆಪರೇಷನ್ ರೂಪಿಸಿದ. ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಬದುಕಿ ಉಳಿದ ಹೆಂಗಸರ ಎದೆ ಗುಳಿಬಿದ್ದು, ತೋಳು ಊದಿಕೊಂಡಿರುತ್ತಿತ್ತು. ಮುಕ್ಕಾಲು ಶತಮಾನ ಅಮೆರಿಕದಲ್ಲಿ ಇದೇ ಶಾಸ್ತ್ರ. ಮಾತಿನ ಪದ್ಧತಿಯೂ ಇದಕ್ಕೆ ತಕ್ಕಂತಿತ್ತು. ಗಂಟಿದೆ ಎಂದು ಬಂದ ಹೆಂಗಸಿಗೆ ಅರಿವಳಿಕೆ ಕೊಟ್ಟು, ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿ, ಅದು ಕ್ಯಾನ್ಸರ್ ಎಂದು ಬಂದರೆ ಅಲ್ಲೇ, ಆಕೆ ಮಲಗಿದ್ದ ಹಾಗೇ, ಸ್ತನ ತೆಗೆಯುತ್ತಿದ್ದರು. ಎಚ್ಚರವಾದಾಗ ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು, ಇದೆಯೋ ಇಲ್ಲವೋ ಎಂದು.

1974ರಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆಗೆ ಗಂಟು ಕಂಡಿತು. ಮೊದಲು ಬರೀ ಪರೀಕ್ಷೆ ಮಾಡಿ, ಫಲಿತಾಂಶ ನನಗೆ ಹೇಳಿ, ಆಮೇಲೆ ನೋಡೋಣ ಎಂದು ಆಕೆ ಕೇಳಿದರೆ ಒಪ್ಪುವ ಡಾಕ್ಟರ್ ಸಿಗುವುದೇ ಕಷ್ಟವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಇದೇ ರೋಗದ ಅನುಮಾನ. ಎರಡನ್ನೂ ಒಟ್ಟಿಗೆ ಮಾಡಿಸಬೇಡಿ ಎಂದು ಹೇಳಲು ಕುಶ್ನರ್ ಶ್ವೇತಭವನಕ್ಕೇ ಫೋನ್ ಮಾಡಿದರು. ಅಧ್ಯಕ್ಷರು ತೀರ್ಮಾನ ಮಾಡಿಯಾಗಿದೆ ಎಂಬ ಉತ್ತರ ಸಿಕ್ಕಿತು. ಅಧ್ಯಕ್ಷರು! ಸ್ತನ ಯಾರದ್ದು, ತೀರ್ಮಾನ ಯಾರದ್ದು.

ಹಾಲ್‌ಸ್ಟೆಡ್‌ನ ಶಾಸ್ತ್ರ ಸರಿಯೋ ಎಂಬ ಅನುಮಾನ ಮುಂಚಿನಿಂದಲೂ ಕೆಲವರಿಗಿತ್ತು. ಲಂಡನ್ನಿನ ಜೆಫ್ರಿ ಕೇನ್ಸ್ (ಅರ್ಥಶಾಸ್ತ್ರಜ್ಞ ಕೇನ್ಸ್‌ನ ತಮ್ಮ) 1920ರ ದಶಕದಿಂದಲೇ ಸಣ್ಣ ಆಪರೇಷನ್ ಮಾಡಿ ರೇಡಿಯಂ ಇಡುತ್ತಿದ್ದ. ಅದನ್ನು ಟ್ರಯಲ್ ಮಾಡಿ ತೀರ್ಮಾನಿಸಬೇಕು ಎಂದು ಹಟ ಹಿಡಿದವರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. 1976ರಲ್ಲಿ ಶುರುವಾದ ಅವರ ಟ್ರಯಲ್ಲಿನ ಹೆಸರು ಬಿ-06. ಮೂರು ಗುಂಪು: ಇಡೀ ಸ್ತನ ತೆಗೆಯುವುದು, ಗಂಟು ಮಾತ್ರ ತೆಗೆಯುವುದು, ಗಂಟು ತೆಗೆದು ರೇಡಿಯೇಷನ್ ಕೊಡುವುದು. ಯಾವ ಹೆಂಗಸು ಯಾವ ಗುಂಪಿಗೆ ಎಂಬುದನ್ನು ಡಾಕ್ಟರೂ ಆರಿಸುವಂತಿಲ್ಲ, ಆಕೆಯೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ.

ಈಗ ಆ ಡಾಕ್ಟರ ಕುರ್ಚಿಯಲ್ಲಿ ಕೂತು ನೋಡಿ. ಎದುರಿಗೆ ಹೆದರಿದ ಹೆಂಗಸು. ಅವತ್ತಿನವರೆಗೆ ನೀವು ಇಂಥವರಿಗೆ ‘ಇದನ್ನು ಮಾಡೋಣ’ ಎಂದಷ್ಟೇ ಹೇಳಿ ರೂಢಿ. ಇವತ್ತು ಹೇಳಬೇಕಾದದ್ದು: ಅಮ್ಮಾ, ನಿಮ್ಮ ಸ್ತನ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಚೀಟಿ ತೀರ್ಮಾನಿಸುತ್ತದೆ, ಯಾಕೆಂದರೆ ಯಾವುದು ಸರಿ ಎಂದು ನನಗೇ ಗೊತ್ತಿಲ್ಲ. ಟ್ರಯಲ್ಲಿಗೆ ಹೆಂಗಸರು ಬರಲಿಲ್ಲ. ಹೆಂಗಸರು ಬೇಡ ಅಂದರು ಎನ್ನುವುದಕ್ಕಿಂತ, ಡಾಕ್ಟರುಗಳು ಕೇಳಲೇ ಇಲ್ಲ ಎನ್ನುವುದು ಹೆಚ್ಚು ನಿಜ. ಟ್ರಯಲ್ಲಿಗೆ ಸೇರಿದ್ದ, ಅದರಲ್ಲಿ ನಂಬಿಕೆಯಿದ್ದ ಶಸ್ತ್ರವೈದ್ಯರೇ ತಮ್ಮ ರೋಗಿಗಳನ್ನು ಕಳಿಸುತ್ತಿರಲಿಲ್ಲ.

ಯಾಕೆ ಎಂದು ಕ್ಯಾಥರಿನ್ ಟೇಲರ್ ಮತ್ತು ಸಂಗಡಿಗರು ಆ ವೈದ್ಯರನ್ನೇ ಕೇಳಿ 1984ರಲ್ಲಿ ಬರೆದರು. ನನ್ನ ಮೇಜಿನ ಮೇಲೆ ಯಾವಾಗಲೂ ಇರುವ ಲೇಖನ ಅದು. ಶೇಕಡಾ 73 ಮಂದಿ, ರೋಗಿಗೂ ನನಗೂ ಇರುವ ಸಂಬಂಧ ಕೆಡುತ್ತದೆ ಅಂದರು. 38 ಮಂದಿ, ಒಪ್ಪಿಗೆ ಪಡೆಯುವ ಮಾತೇ ಕಷ್ಟ ಅಂದರು. 22 ಮಂದಿ, ಅನಿಶ್ಚಿತವಾದದ್ದನ್ನು ಬಾಯಿಬಿಟ್ಟು ಚರ್ಚಿಸುವುದು ನನಗೆ ಇಷ್ಟವಿಲ್ಲ ಎಂದು ಒಪ್ಪಿಕೊಂಡರು. ಒಂದು ಚಿಕಿತ್ಸೆ ಕಳಪೆ ಎಂದು ಆಮೇಲೆ ಗೊತ್ತಾದರೆ ಆ ಭಾರ ನನ್ನ ಮೇಲೆ ಎಂದವರು 8 ಮಂದಿ. ಸಮಯವಿಲ್ಲ, ಕಾಗದಪತ್ರ ಜಾಸ್ತಿ ಎಂಬಂಥ ಕಾರಣಗಳು ಎಲ್ಲೋ ಕೆಳಗಿದ್ದವು. ಸಮಸ್ಯೆ ಕಾಗದದ್ದಾಗಿರಲಿಲ್ಲ, ಬಾಯಿಯದ್ದಾಗಿತ್ತು.

ಇದಕ್ಕೆ ಪರಿಹಾರ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಮಾರ್ವಿನ್ ಝೆಲೆನ್. ಉಪಾಯ ಸರಳ: ಚೀಟಿಯನ್ನು ಮೊದಲೇ ಎತ್ತಿಬಿಡಿ, ಮಾತು ಆಮೇಲೆ ಆಡಿ. ಝೆಲೆನ್ ಮೂಲದಲ್ಲಿ ಹೇಳಿದ ಬಗೆಯಲ್ಲಿ, ಹಳೆಯ ಚಿಕಿತ್ಸೆಯ ಗುಂಪಿಗೆ ಬಿದ್ದವರಿಗೆ ಹೇಳುವ ಅಗತ್ಯವೇ ಇಲ್ಲ, ಹೇಗೂ ಅವರಿಗೆ ಸಿಗಬೇಕಾದದ್ದೇ ಸಿಗುತ್ತಿದೆಯಲ್ಲ. ಬಿ-06ರಲ್ಲಿ ಅಷ್ಟು ದೂರ ಹೋಗಲಿಲ್ಲ. ಎಲ್ಲ ಹೆಂಗಸರಿಗೂ ಟ್ರಯಲ್ ಬಗ್ಗೆ ಹೇಳುತ್ತಿದ್ದರು, ಆದರೆ ಆ ಹೊತ್ತಿಗೆ ಆಕೆ ಯಾವ ಗುಂಪಿಗೆ ಬಿದ್ದಿದ್ದಾಳೆ ಎಂಬುದು ಡಾಕ್ಟರಿಗೆ ಗೊತ್ತಿರುತ್ತಿತ್ತು. ‘ನಿಮಗೆ ಇದು ಬಂದಿದೆ, ಆಗಬಹುದಾ?’ 1978ರಲ್ಲಿ ಈ ಕ್ರಮ ಬಂದ ಮೇಲೆ ಸೇರುವವರ ಸಂಖ್ಯೆ ಆರು ಪಟ್ಟು ಏರಿತು.

ಆರು ಪಟ್ಟು! ವಿಜ್ಞಾನ ಅದೇ, ಚಿಕಿತ್ಸೆ ಅದೇ, ಅಪಾಯ ಅದೇ. ಎರಡು ವಾಕ್ಯಗಳ ಕ್ರಮ ಮಾತ್ರ ಬದಲಾಯಿತು. ಡಾಕ್ಟರ ಬಾಯಲ್ಲಿ ಒಂದು ಗಟ್ಟಿಯಾದ ಮಾತು ಬಂದು ಕೂತಿತು, ಅಷ್ಟೆ. ಸೂಸನ್ ಎಲೆನ್‌ಬರ್ಗ್ ಎಂಬ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞೆ 1984ರಲ್ಲಿ ಇದನ್ನೇ ಆಕ್ಷೇಪಿಸಿದರು: ಯಾವ ಗುಂಪು ಎಂದು ಮೊದಲೇ ಗೊತ್ತಿರುವ ಡಾಕ್ಟರು ಆ ಗುಂಪಿನ ಕಡೆಗೇ ಮಾತನ್ನು ವಾಲಿಸುವುದಿಲ್ಲವೇ? ಸ್ತನ ತೆಗೆಯುವ ಗುಂಪಿಗೆ ಬಿದ್ದವಳಿಗೆ ಒಂದು ಬಗೆ, ಉಳಿಸುವ ಗುಂಪಿಗೆ ಬಿದ್ದವಳಿಗೆ ಇನ್ನೊಂದು ಬಗೆ. ವ್ಯಾಪಾರಿ ಯಾವ ಸೀರೆ ಕೈಗೆ ಬಂತೋ ಅದನ್ನೇ ಹೊಗಳಿದ ಹಾಗೆ.

ಆದರೂ ಆ ಟ್ರಯಲ್ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. 1985ರ ಮಾರ್ಚಿನಲ್ಲಿ ಐದು ವರ್ಷದ ಫಲಿತಾಂಶ ಬಂತು. 2002ರಲ್ಲಿ 1,851 ಹೆಂಗಸರ ಇಪ್ಪತ್ತು ವರ್ಷದ ಲೆಕ್ಕ. ಸ್ತನ ತೆಗೆದವರಿಗೂ ಉಳಿಸಿಕೊಂಡವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ. ಉಳಿಸಿಕೊಂಡವರಲ್ಲಿ ರೇಡಿಯೇಷನ್ ಇಲ್ಲದಿದ್ದರೆ ಅದೇ ಸ್ತನದಲ್ಲಿ ರೋಗ ಮರಳುವುದು ಶೇಕಡಾ 39.2, ರೇಡಿಯೇಷನ್ ಕೊಟ್ಟರೆ 14.3. ಇವತ್ತು ಜಗತ್ತಿನಾದ್ಯಂತ ಲಕ್ಷಾಂತರ ಹೆಂಗಸರು ಸ್ತನ ಉಳಿಸಿಕೊಂಡಿರುವುದು ಈ ಲೆಕ್ಕದ ಬಲದಿಂದ. ಇಲ್ಲೇ ನಾನು ಸಿಕ್ಕಿಹಾಕಿಕೊಳ್ಳುವುದು. ಮಾತಿನ ಕ್ರಮ ಬದಲಿಸದೆ ಇದ್ದಿದ್ದರೆ ಟ್ರಯಲ್ ನಿಂತೇ ಹೋಗುತ್ತಿತ್ತೋ ಏನೋ. ನನ್ನ ಮಾರ್ಗದರ್ಶಕರು ‘ಹಾಗಾದ್ರೆ ಝೆಲೆನ್ ಮಾಡಿದ್ದು ಸರೀನಾ ತಪ್ಪಾ, ಒಂದು ಹೇಳು’ ಎಂದು ಕೇಳಿದಾಗ ತಪ್ಪು ಅಂದೆ. ಹೇಳಿದ ಮೇಲೆ ರಾತ್ರಿಯೆಲ್ಲ, ಅಷ್ಟು ಸುಲಭವಾಗಿ ಹೇಳಬಾರದಿತ್ತು ಅನಿಸಿತು. ಈಗಲೂ ತಪ್ಪು ಎಂದೇ ನನ್ನ ಅಭಿಪ್ರಾಯ. ಸುಲಭ ಮಾತ್ರ ಅಲ್ಲ.

ಗೊತ್ತಿಲ್ಲ ಎಂದು ಹೇಳುವ ಡಾಕ್ಟರಿಗೆ ಎಲ್ಲ ರೋಗಿಗಳೂ ಒಂದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ: ‘ನಿಮ್ಮ ತಾಯಿಗೇ ಹೀಗಾಗಿದ್ರೆ ಏನ್ ಮಾಡ್ತಿದ್ರಿ?’ ಸೌದಮ್‌ಗೆ ಪತ್ರಕರ್ತರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆನಡಾದ ಬೆಂಜಮಿನ್ ಫ್ರೀಡ್‌ಮನ್ ಎಂಬ ತತ್ವಶಾಸ್ತ್ರಜ್ಞರು 1987ರಲ್ಲಿ ಇದಕ್ಕೆ ಜಾಣ ಉತ್ತರ ಕೊಟ್ಟರು. ಡಾಕ್ಟರಿಗೆ ಮನಸ್ಸಿನಲ್ಲಿ ಒಂದು ಕಡೆ ಒಲವಿದ್ದರೂ ಪರವಾಗಿಲ್ಲ, ಬಲ್ಲವರ ವಲಯದಲ್ಲಿ ಒಮ್ಮತವಿಲ್ಲದಿದ್ದರೆ ಸಾಕು, ಟ್ರಯಲ್ಲಿಗೆ ಸೇರಿಸುವುದು ನ್ಯಾಯವೇ. ತರ್ಕ ಚೆನ್ನಾಗಿದೆ. ‘ಬಲ್ಲವರಲ್ಲಿ ಒಮ್ಮತವಿಲ್ಲಮ್ಮ’ ಎಂಬ ಉತ್ತರ ಕೇಳಿದ ಹೆಂಗಸಿನ ಮುಖವನ್ನು ಮಾತ್ರ ನನಗೆ ಕಲ್ಪಿಸಿಕೊಳ್ಳಲು ಆಗುವುದಿಲ್ಲ.

ನಮ್ಮ ದೇಶದ ಕತೆ ಬೇರೆ ದಾರಿಯದ್ದು. ದೆಹಲಿಯಲ್ಲಿ 1976ರಲ್ಲಿ, ಬಿ-06 ಶುರುವಾದ ವರ್ಷವೇ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ಆರಂಭವಾಯಿತು. ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳಿದ್ದ ಸುಮಾರು 1,100 ಹೆಂಗಸರನ್ನು, ಯಾರಲ್ಲಿ ರೋಗ ಮುಂದುವರಿಯುತ್ತದೆ ಎಂದು ನೋಡಲು, ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ಗಮನಿಸಿದರು. ಕೆಲವರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. 1997ರಲ್ಲಿ ಸುದ್ದಿ ಹೊರಬಂದಾಗ ಬಂದ ಸಮರ್ಥನೆ: ಹೆಚ್ಚಿನವರು ಓದುಬರಹ ಬಾರದವರು, ಬಾಯಿಮಾತಿನ ಒಪ್ಪಿಗೆ ಪಡೆದಿದ್ದೆವು. ಆ ಬಾಯಿಮಾತು ಏನಿತ್ತು, ಯಾವ ಪದಗಳಲ್ಲಿತ್ತು? ನನ್ನಂಥವರಿಗೆ ಬೇಕಾದದ್ದು ಅದೇ, ಅದನ್ನು ಕಡತ ಕೊಡುವುದಿಲ್ಲ. ಪಕ್ಕದ ಕೇರಳದಲ್ಲಿ 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ ರೋಗಿಗಳ ಮೇಲೆ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರೊಬ್ಬರ ಹೊಸ ರಾಸಾಯನಿಕದ ಪರೀಕ್ಷೆ ನಡೆಯಿತು. ಬೇಕಾದ ಅನುಮತಿಗಳಿಲ್ಲದೆ ನಡೆದಿದೆ ಎಂದು ಹಾಪ್ಕಿನ್ಸ್ ತಾನೇ 2001ರಲ್ಲಿ ಒಪ್ಪಿಕೊಂಡಿತು. ಹಾಲ್‌ಸ್ಟೆಡ್‌ನ ಊರು ಹೀಗೆ ನನ್ನ ಪ್ರಬಂಧದಲ್ಲಿ ಎರಡನೇ ಸಲ ಬರುತ್ತದೆ.

ಸುಪ್ರೀಂ ಕೋರ್ಟು ನಡುವೆ ಬಂದ ಮೇಲೆ, 2013ರಲ್ಲಿ, ಟ್ರಯಲ್ಲಿನ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಬೇಕು ಎಂಬ ನಿಯಮವಾಯಿತು. ಎರಡು ವರ್ಷದ ನಂತರ ಅದನ್ನು ಹೊಸ ರಾಸಾಯನಿಕಗಳ ಟ್ರಯಲ್ಲಿಗೆ ಸೇರುವ ದುರ್ಬಲ ಸ್ಥಿತಿಯ ಜನರಿಗಷ್ಟೇ ಸೀಮಿತ ಮಾಡಿದರು. 2019ರ ನಿಯಮಗಳ ಪ್ರಕಾರ ಮಾಹಿತಿ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ಅರ್ಥವಾಗುವ ಭಾಷೆ! ದೊಡ್ಡಮ್ಮನಿಗೆ ಕೊಟ್ಟ ಪತ್ರ ಕನ್ನಡದಲ್ಲೇ ಇತ್ತು. ಅದರಲ್ಲಿ ‘ಯಾದೃಚ್ಛಿಕ’ ಎಂಬ ಪದ ನಾಲ್ಕು ಸಲ ಬಂದಿತ್ತು. ಎಂ.ಎ. ಓದುತ್ತಿದ್ದ ನಾನೇ ಇಂಗ್ಲಿಷ್ ಪ್ರತಿ ನೋಡಿ ಅರ್ಥ ಮಾಡಿಕೊಂಡೆ. ಚೀಟಿ ಎತ್ತುವುದು ಎಂದು ಬರೆಯಬಹುದಿತ್ತು; ಆದರೆ ನಮ್ಮಲ್ಲಿ ಚೀಟಿ ಎತ್ತುವುದು ದೇವರ ಮುಂದೆ, ಅಲ್ಲಿ ತೀರ್ಮಾನ ಮಾಡುವವನು ಒಬ್ಬನಿದ್ದಾನೆ. ಕಂಪ್ಯೂಟರಿನ ಚೀಟಿಯ ಹಿಂದೆ ಯಾರೂ ಇಲ್ಲ. ಇನ್ನು ‘ಪ್ರಯೋಗ’ ಅಂದರೆ, ನಮ್ಮ ಮೇಲೆ ಪ್ರಯೋಗ ಮಾಡ್ತಾರಾ ಎಂದು ಎದ್ದು ಹೋಗುತ್ತಾರೆ. ‘ಟ್ರಯಲ್’ ಅಂದರೆ ಟೈಲರ್ ಅಂಗಡಿಯಲ್ಲಿ ಹಾಕಿ ನೋಡುವ ಹಾಗೆ, ಸರಿಹೋಗದಿದ್ದರೆ ಬಿಚ್ಚಿ ಹೊಲಿದುಕೊಡುತ್ತಾರೆ ಎಂಬ ಭಾವ. ನಾವೆಲ್ಲ ಹಾಯಾಗಿ ಟ್ರಯಲ್ ಅನ್ನುತ್ತೇವೆ. ನಾನೂ ಈ ಲೇಖನದುದ್ದಕ್ಕೂ ಹಾಗೇ ಬರೆದಿದ್ದೇನೆ.

ಕಂಪ್ಯೂಟರ್ ದೊಡ್ಡಮ್ಮನಿಗೆ ವಾರವಾರದ ಕ್ರಮ ಕೊಟ್ಟಿತು. ಹನ್ನೆರಡು ವಾರ ಅರಸೀಕೆರೆಯಿಂದ ರೈಲಿನಲ್ಲಿ ಬಂದು ಹೋದರು. ಈಗ ಚೆನ್ನಾಗಿದ್ದಾರೆ, ಕಾಲಿನ ಬೆರಳು ಜೋಮು ಹಿಡಿದಂತಿರುತ್ತದೆ ಅನ್ನುತ್ತಾರೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಜಗಲಿಯಲ್ಲಿ ಕೂತು ಕಾಯಿ ತುರಿಯುತ್ತಿದ್ದ ಅವರಿಗೆ ವಿಷಯ ಹೇಳಿಬಿಟ್ಟೆ. ಅವತ್ತು ಡಾಕ್ಟ್ರು ಎರಡೂ ಒಳ್ಳೇದು ಅಂದಿರಲಿಲ್ಲ ದೊಡ್ಡಮ್ಮ, ಗೊತ್ತಿಲ್ಲ ಅಂದಿದ್ರು, ನೀವು ಹೆದರಿಕೊಳ್ತೀರ ಅಂತ ನಾನೇ ಹಾಗೆ ಹೇಳಿದೆ. ದೊಡ್ಡಮ್ಮ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

‘ಗೊತ್ತಿಲ್ಲ ಅಂದಿದ್ರೆ ನಾನು ಸೈನ್ ಹಾಕ್ತಿರ್ಲಿಲ್ಲ.’

ನಾನು ಮಾತಾಡಲಿಲ್ಲ. ಅವರು ಮತ್ತೆ ತುರಿಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ಈಗಾದ್ರೂ ಗೊತ್ತಾಯ್ತಂತಾ ಅವರಿಗೆ? ಯಾವ್ದು ಒಳ್ಳೇದು ಅಂತ?’

ನೋಡಿ ಹೇಳ್ತೀನಿ ಅಂದೆ. ನಮ್ಮ ದೇಶದ ಟ್ರಯಲ್ಲುಗಳನ್ನು ನೋಂದಾಯಿಸುವ ಸರ್ಕಾರಿ ತಾಣವಿದೆ. ಅವತ್ತು ರಾತ್ರಿ ಮೊಬೈಲಿನಲ್ಲೇ ಹುಡುಕಿದೆ. ದೊಡ್ಡಮ್ಮ ಸೇರಿದ್ದ ಟ್ರಯಲ್ ಸಿಕ್ಕಿತು. ಫಲಿತಾಂಶದ ಜಾಗ ಖಾಲಿ ಇತ್ತು. ಹೋದ ವಾರ ಇನ್ನೊಮ್ಮೆ ನೋಡಿದೆ, ಹಾಗೇ ಇದೆ.